ದುಡಿಸಬೇಕೋ, ಮಲಗಿಸಬೇಕೋ? – ಸ್ನಾಯುಗಳ ವಿಚಾರ

ಕೈಕಾಲಿನಲ್ಲಿ ಶಕ್ತಿ ಕುಂದಿದರೆ ನಮ್ಮ ಕಡೆ ಅದಕ್ಕೆ ಇರುವುದು ಒಂದೇ ಹೆಸರು: ನರ ದೌರ್ಬಲ್ಯ. ಕನ್ನಡದಲ್ಲಿ ‘ನರ’ ಎಂಬ ಮಾತು ಬಹಳ ಉದಾರವಾದದ್ದು. ಮುಂಗೈಯ ಮೇಲೆ ನೀಲಿಯಾಗಿ ಉಬ್ಬಿ ಕಾಣುವ ರಕ್ತನಾಳವೂ ನರವೇ. ಹಿಮ್ಮಡಿಯ ಮೇಲೆ ಹುರಿಯಂತೆ ಬಿಗಿದು ನಿಂತಿರುವುದೂ ನರವೇ. ಬೆನ್ನುಹುರಿಯಿಂದ ಬೆರಳ ತುದಿಗೆ ಸುದ್ದಿ ಒಯ್ಯುವ ಎಳೆಯೂ ನರವೇ. ಹೀಗಾಗಿ ಸುಸ್ತು, ನೋವು, ನಡುಕ, ಸೊರಗು ಎಲ್ಲವೂ ಒಂದೇ ಬುಟ್ಟಿಗೆ ಬೀಳುತ್ತವೆ. ಔಷಧಿಯೂ ಒಂದೇ, ಯಾವುದಾದರೊಂದು ಟಾನಿಕ್ಕು.

ಮಾತು ಸಡಿಲವಾಗಿದ್ದರೆ ನಷ್ಟವೇನು ಎಂದು ನೀವು ಕೇಳಬಹುದು. ನಷ್ಟ ಇದೆ. ಮನೆಯಲ್ಲಿ ಒಬ್ಬರಿಗೆ ಕಾಲಿನಲ್ಲಿ ಶಕ್ತಿ ಇಲ್ಲವೆಂದಾಗ ಎರಡು ಬಗೆಯ ಉಪದೇಶ ಬರುತ್ತದೆ. ಅಜ್ಜಿ “ಪಾಪ, ಮಲಗಿಕೊಳ್ಳಲಿ, ಆಯಾಸ ಮಾಡಿಸಬೇಡಿ” ಎನ್ನುತ್ತಾರೆ. ಮಾವನವರು “ಎಲ್ಲಾ ಸೋಮಾರಿತನ, ಬೆಳಿಗ್ಗೆ ಎಬ್ಬಿಸಿ ನಾಲ್ಕು ಸುತ್ತು ಓಡಿಸಿ” ಎನ್ನುತ್ತಾರೆ. ಇಬ್ಬರ ಮಾತೂ ಕೆಲವರ ಪಾಲಿಗೆ ಸರಿ, ಕೆಲವರ ಪಾಲಿಗೆ ಅಪಾಯ. ಯಾರ ಪಾಲಿಗೆ ಯಾವುದು ಎಂದು ತಿಳಿಯಬೇಕಾದರೆ ದೌರ್ಬಲ್ಯ ಎಲ್ಲಿಂದ ಬಂದಿದೆ ಎಂದು ಮೊದಲು ತಿಳಿಯಬೇಕು. ಈ ಲೇಖನ ಅದರ ಸಲುವಾಗಿ. ನಾನು ವೈದ್ಯನಲ್ಲ, ರಸಾಯನಶಾಸ್ತ್ರದವನು. ಆದ್ದರಿಂದ ಚಿಕಿತ್ಸೆ ಹೇಳುವ ಅಧಿಕಾರ ನನಗಿಲ್ಲ. ಆದರೆ ಸ್ನಾಯುವಿನೊಳಗೆ ನಡೆಯುವುದೆಲ್ಲ ಕಡೆಗೆ ರಸಾಯನ ಕ್ರಿಯೆಯೇ ಆದ್ದರಿಂದ ಅದರ ಬಗೆಯನ್ನು ವಿವರಿಸಬಲ್ಲೆ.

ಮೇಸ್ತ್ರಿ ಮತ್ತು ಆಳುಗಳು

ನಮ್ಮ ದೇಹದಲ್ಲಿ ಎಲುಬನ್ನು ಅಲ್ಲಾಡಿಸುವ ಸ್ನಾಯುಗಳು 600ಕ್ಕೂ ಹೆಚ್ಚು. ಸಾಧಾರಣ ಮನುಷ್ಯನ ತೂಕದಲ್ಲಿ ಶೇಕಡಾ 40ರ ಆಸುಪಾಸು ಇವುಗಳದೇ. ಒಂದೊಂದು ಸ್ನಾಯುವೂ ಕೂದಲಿನಷ್ಟು ಸಣ್ಣ ಸಾವಿರಾರು ತಂತುಗಳ ಕಟ್ಟು. ಈ ತಂತುಗಳು ತಮ್ಮಷ್ಟಕ್ಕೆ ತಾವು ಕೆಲಸ ಮಾಡುವುದಿಲ್ಲ. ಬೆನ್ನುಹುರಿಯಲ್ಲಿ ಇವುಗಳ ಮೇಸ್ತ್ರಿಗಳಿದ್ದಾರೆ. ಅವೇ ಚಾಲಕ ನರಕೋಶಗಳು. ಒಂದೊಂದು ನರಕೋಶ ಉದ್ದನೆಯ ಎಳೆಯನ್ನು ಕಳಿಸಿ ಕೆಲವು ತಂತುಗಳನ್ನು ತನ್ನ ಕೈಕೆಳಗೆ ಇಟ್ಟುಕೊಂಡಿರುತ್ತದೆ. ಕಣ್ಣುಗುಡ್ಡೆಯನ್ನು ತಿರುಗಿಸುವಂಥ ನಯವಾದ ಕೆಲಸಕ್ಕೆ ಒಬ್ಬ ಮೇಸ್ತ್ರಿಗೆ ಹತ್ತಾರು ಆಳು ಸಾಕು. ಮೀನಖಂಡದಂಥ ದೊಡ್ಡ ಸ್ನಾಯುವಿನಲ್ಲಿ ಒಬ್ಬನಿಗೆ ಸಾವಿರಕ್ಕೂ ಹೆಚ್ಚು. ಮೇಸ್ತ್ರಿ ಕೂಗಿದರೆ ಅವನ ಆಳುಗಳೆಲ್ಲ ಒಟ್ಟಿಗೆ ಎಳೆಯುತ್ತಾರೆ. ಕೂಗದಿದ್ದರೆ ಒಬ್ಬನೂ ಏಳುವುದಿಲ್ಲ.

ಈ ಕೂಗು ನರದ ತುದಿಯಲ್ಲಿ ರಾಸಾಯನಿಕವಾಗಿ ಬದಲಾಗುತ್ತದೆ. ನರಕ್ಕೂ ತಂತುವಿಗೂ ನಡುವೆ ಒಂದು ಸಂದಿ ಇದೆ. 1 ಮಿಲಿಮೀಟರನ್ನು 20,000 ಪಾಲು ಮಾಡಿದರೆ ಒಂದು ಪಾಲಿನಷ್ಟು ಅದರ ಅಗಲ. ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ವಸ್ತು ಹೊರಬಂದು, ಈ ಸಂದಿಯನ್ನು ದಾಟಿ, ತಂತುವಿನ ಮೇಲಿರುವ ಗ್ರಾಹಕಗಳಿಗೆ ತಾಗುತ್ತದೆ. ಕೂಡಲೇ ತಂತುವಿನೊಳಗೆ ಕ್ಯಾಲ್ಸಿಯಂ ಬಿಡುಗಡೆಯಾಗಿ, ಆಕ್ಟಿನ್ ಮತ್ತು ಮಯೋಸಿನ್ ಎಂಬ ಎರಡು ಪ್ರೋಟೀನ್ ಎಳೆಗಳು ಒಂದರ ಸಂದಿನಲ್ಲಿ ಒಂದು ಜಾರುತ್ತವೆ. ತಂತು ಗಿಡ್ಡವಾಗುತ್ತದೆ, ಎಲುಬು ಅಲ್ಲಾಡುತ್ತದೆ. ಎಳೆಗಳು ಕುಗ್ಗುವುದಲ್ಲ, ಜಾರುವುದು ಎಂಬುದನ್ನು 1954ರಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ ಕಂಡುಕೊಂಡವು. ಎರಡು ತಂಡದಲ್ಲೂ ಒಬ್ಬೊಬ್ಬ ಹಕ್ಸ್‌ಲಿ ಇದ್ದದ್ದು, ಅವರಿಬ್ಬರೂ ನೆಂಟರಲ್ಲದಿದ್ದದ್ದು ವಿಜ್ಞಾನದ ಇತಿಹಾಸದ ಒಂದು ತಮಾಷೆ.

ಎಳೆಯುವುದಕ್ಕೆ ಶಕ್ತಿ ಬೇಕಷ್ಟೆ. ಸ್ನಾಯು ಅದನ್ನು ಜಾಣ ಗೃಹಸ್ಥನಂತೆ ಮೂರು ಕಡೆ ಇಟ್ಟುಕೊಂಡಿದೆ. ಜೇಬಿನ ಚಿಲ್ಲರೆ ಎಂದರೆ ಎ.ಟಿ.ಪಿ. ಎಂಬ ಸಂಯುಕ್ತ, ಇದು ಒಂದೆರಡು ಸೆಕೆಂಡಿಗೆ ಮುಗಿದುಹೋಗುತ್ತದೆ. ಪೆಟ್ಟಿಗೆಯಲ್ಲಿರುವ ನೋಟು ಎಂದರೆ ಕ್ರಿಯಾಟಿನ್ ಫಾಸ್ಫೇಟ್. ಇದು ಇನ್ನೊಂದು ಹತ್ತು ಸೆಕೆಂಡಿನವರೆಗೆ ಚಿಲ್ಲರೆ ಒದಗಿಸುತ್ತದೆ. ಬ್ಯಾಂಕಿನ ಠೇವಣಿ ಎಂದರೆ ಸಕ್ಕರೆ ಮತ್ತು ಕೊಬ್ಬು. ಆಮ್ಲಜನಕ ಒದಗಿದರೆ, ಮೈಟೊಕಾಂಡ್ರಿಯಾ ಎಂಬ ಪುಟ್ಟ ಕುಲುಮೆಗಳಲ್ಲಿ ಇವು ನಿಧಾನವಾಗಿ ಉರಿದು ಗಂಟೆಗಟ್ಟಲೆ ಶಕ್ತಿ ಕೊಡುತ್ತವೆ. ಬಸ್ಸು ಹಿಡಿಯಲು ಓಡುವುದು ಜೇಬು ಮತ್ತು ಪೆಟ್ಟಿಗೆಯ ಖರ್ಚು; ಬೆಟ್ಟ ಹತ್ತುವುದು ಬ್ಯಾಂಕಿನ ಖರ್ಚು.

ತಂತುಗಳಲ್ಲೂ ಎರಡು ಜಾತಿ. ಕುಲುಮೆ ಹೆಚ್ಚಿದ್ದು ನಿಧಾನವಾಗಿ, ದಣಿಯದೆ ದುಡಿಯುವ ಕೆಂಪು ತಂತು. ಥಟ್ಟನೆ ಎಳೆದು ಬೇಗ ಸೋಲುವ ಬಿಳಿ ತಂತು. ಮಾಂಸಾಹಾರಿ ಬಂಧುಗಳು ಇದನ್ನು ಅಡಿಗೆಮನೆಯಲ್ಲೇ ನೋಡಿದ್ದಾರೆ. ದಿನವಿಡೀ ಕೆದಕಿ ತಿರುಗುವ ಕೋಳಿಯ ಕಾಲಿನ ಮಾಂಸ ಕಂದು, ಹಾರುವ ಗೋಜಿಗೆ ಹೋಗದ ಅದರ ಎದೆಯ ಮಾಂಸ ಬಿಳಿ.

ಕೇಳಿದಷ್ಟು ಕೊಡುವ ಅಂಗ

ಆರೋಗ್ಯವಂತ ಸ್ನಾಯುವಿನ ಗುಣ ಒಂದೇ ವಾಕ್ಯದಲ್ಲಿ ಹೇಳುವುದಾದರೆ, ಅದು ಕೇಳಿದಷ್ಟು ಕೊಡುತ್ತದೆ, ಕೇಳದಿದ್ದರೆ ಮಾರಿಬಿಡುತ್ತದೆ. ಭಾರ ಎತ್ತಲು ಶುರುಮಾಡಿದ ಮೊದಲ ಕೆಲವು ವಾರ ಶಕ್ತಿ ಹೆಚ್ಚುತ್ತದೆ, ಆದರೆ ತೋಳು ದಪ್ಪವಾಗುವುದಿಲ್ಲ. ಹುಡುಗರು ನಿರಾಶರಾಗುವುದು ಇಲ್ಲೇ. ಆ ಹೊತ್ತಿನಲ್ಲಿ ಕಲಿಯುತ್ತಿರುವುದು ನರ. ಹೆಚ್ಚು ಮೇಸ್ತ್ರಿಗಳನ್ನು ಒಟ್ಟಿಗೆ ಕೂಗುವುದನ್ನು ಅದು ಅಭ್ಯಾಸ ಮಾಡಿಕೊಳ್ಳುತ್ತಿದೆ. ಆಮೇಲೆ ತಂತುವಿನೊಳಗೆ ಹೊಸ ಆಕ್ಟಿನ್, ಮಯೋಸಿನ್ ಸೇರಿ ತಂತು ದಪ್ಪವಾಗುತ್ತದೆ. ಏಟು ಬಿದ್ದ ತಂತುವನ್ನು ರಿಪೇರಿ ಮಾಡಲು ಅದರ ಪಕ್ಕದಲ್ಲೇ ಅಂಟಿಕೊಂಡು ನಿದ್ರಿಸುವ ಸಣ್ಣ ಕೋಶಗಳಿವೆ. 1961ರಲ್ಲಿ ಅಲೆಕ್ಸಾಂಡರ್ ಮೌರೋ ಇವನ್ನು ಕಪ್ಪೆಯ ಸ್ನಾಯುವಿನಲ್ಲಿ ಗುರುತಿಸಿ ‘ಉಪಗ್ರಹ ಕೋಶ’ಗಳೆಂದು ಕರೆದ.

ನಡಿಗೆ, ಓಟ, ಈಜು ಇವುಗಳ ಫಲ ಬೇರೆ. 1967ರಲ್ಲಿ ಅಮೆರಿಕದ ಜಾನ್ ಹಾಲೋಸಿ ಇಲಿಗಳನ್ನು ವಾರಗಟ್ಟಲೆ ಓಡಿಸಿ ನೋಡಿದಾಗ ಅವುಗಳ ಸ್ನಾಯುವಿನಲ್ಲಿ ಉಸಿರಾಟದ ಕಿಣ್ವಗಳ ಸಾಮರ್ಥ್ಯ ಸುಮಾರು ಎರಡರಷ್ಟಾಗಿತ್ತು. ಅಂದರೆ ಸ್ನಾಯು ದಪ್ಪವಾಗಲಿಲ್ಲ, ಕುಲುಮೆ ಹೆಚ್ಚಿಸಿಕೊಂಡಿತು. ಭಾರ ಕೇಳಿದರೆ ಭಾರಕ್ಕೆ ತಕ್ಕದ್ದು, ದೂರ ಕೇಳಿದರೆ ದೂರಕ್ಕೆ ತಕ್ಕದ್ದು.

ಈ ಮಾತನ್ನು ನಮ್ಮ ನಾಡು ಗರಡಿಮನೆಯ ಮಣ್ಣಿನಲ್ಲಿ ಯಾವಾಗಲೋ ಕಲಿತಿತ್ತು. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದ, ಮುಂದೆ ‘ಶಾಂತಲಾ’ ಕಾದಂಬರಿಯಿಂದ ಮನೆಮಾತಾದ ಕೆ. ವಿ. ಅಯ್ಯರ್ 1930ರಲ್ಲೇ ‘ಮಸಲ್ ಕಲ್ಟ್’ ಎಂಬ ಪುಸ್ತಕವನ್ನು ಇಂಗ್ಲಿಷಿನಲ್ಲಿ ಬರೆದು ಪ್ರಕಟಿಸಿದ್ದರು. ಭಾರ ಎತ್ತುವ ಕಬ್ಬಿಣವನ್ನೂ ಸೂರ್ಯನಮಸ್ಕಾರವನ್ನೂ ಒಟ್ಟಿಗೆ ಕಲಿಸಿದವರು ಅವರು. ನಮ್ಮ ಹಿರಿಯರಲ್ಲಿ ಎಷ್ಟೋ ಜನಕ್ಕೆ ಅಯ್ಯರ್ ಅವರು ಕಾದಂಬರಿಕಾರರೆಂದು ಗೊತ್ತು, ಪೈಲ್ವಾನರೆಂದು ಗೊತ್ತಿಲ್ಲ.

“ನಮಗಿನ್ನು ವಯಸ್ಸಾಯಿತು” ಎನ್ನುವವರಿಗೆ ಒಂದು ಸಂಗತಿ. 1990ರಲ್ಲಿ ಬಾಸ್ಟನ್ನಿನ ಒಂದು ವೃದ್ಧಾಶ್ರಮದಲ್ಲಿ ಸರಾಸರಿ 90 ವರ್ಷದ ಹತ್ತು ಮಂದಿಗೆ ಎಂಟು ವಾರ ಕ್ರಮವಾಗಿ ಕಾಲಿನಿಂದ ಭಾರ ಎತ್ತಿಸಲಾಯಿತು. ಅದನ್ನು ಪೂರೈಸಿದವರ ತೊಡೆಯ ಶಕ್ತಿ ಸರಾಸರಿ ಶೇಕಡಾ 174ರಷ್ಟು ಏರಿತು. 90ಕ್ಕೂ ಸ್ನಾಯು ಮಾತು ಕೇಳುತ್ತದೆ ಎಂದಾಯಿತು.

ಇನ್ನು ಕೇಳದಿದ್ದರೆ? ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡವರು ಅದನ್ನು ಬಿಚ್ಚಿದ ದಿನ ನೋಡಿರುತ್ತಾರೆ; ಆರು ವಾರದಲ್ಲಿ ತೊಡೆ ಸೊರಗಿ ಪಕ್ಕದ ಮನೆಯವರದೆಂಬಂತೆ ಕಾಣುತ್ತದೆ. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಇಪ್ಪತ್ತು ವರ್ಷದ ಐವರು ಆರೋಗ್ಯವಂತ ಹುಡುಗರನ್ನು ಮೂರು ವಾರ ಹಾಸಿಗೆಯಲ್ಲಿ ಮಲಗಿಸಲಾಯಿತು. ಆಮ್ಲಜನಕವನ್ನು ಬಳಸುವ ಅವರ ಗರಿಷ್ಠ ಸಾಮರ್ಥ್ಯ ಕಾಲು ಭಾಗಕ್ಕಿಂತ ಹೆಚ್ಚು ಕುಸಿಯಿತು. ಇದರಲ್ಲಿ ಹೃದಯದ ಪಾಲು ದೊಡ್ಡದು, ಆದರೂ ಸಂಗತಿ ನೆನಪಿಡತಕ್ಕದ್ದು. ಮೂವತ್ತು ವರ್ಷದ ನಂತರ ಅದೇ ಐವರನ್ನು ಮತ್ತೆ ಅಳೆದಾಗ, ಮೂವತ್ತು ವರ್ಷದ ವಯಸ್ಸು ಮಾಡಿದ್ದಕ್ಕಿಂತ ಮೂರು ವಾರದ ಹಾಸಿಗೆಯೇ ಹೆಚ್ಚು ಹಾನಿ ಮಾಡಿತ್ತೆಂದು ತಿಳಿಯಿತು. ಆದ್ದರಿಂದ ಜ್ವರ ಬಿಟ್ಟ ಮೇಲೂ ಅಪ್ಪನನ್ನು ಹಾಸಿಗೆಯಿಂದ ಏಳಗೊಡದಿರುವುದು ಪ್ರೀತಿಯಿಂದ ಮಾಡುವ ಅಪಕಾರ.

ಮೇಸ್ತ್ರಿ ಸತ್ತಾಗ

ಇಲ್ಲಿಯವರೆಗೆ ಮಾವನವರ ಪಕ್ಷವೇ ಗೆದ್ದಂತಾಯಿತು. ಈಗ ಅಜ್ಜಿಯ ಪಕ್ಷವನ್ನೂ ಕೇಳೋಣ.

ಸ್ನಾಯು ಭಾರದ ಮಾತನ್ನು ಕೇಳುವಂತೆ ನರದ ಮಾತನ್ನೂ ಕೇಳುತ್ತದೆ. 1960ರಲ್ಲಿ ಆಸ್ಟ್ರೇಲಿಯಾದ ಜಾನ್ ಎಕ್ಲ್ಸ್ ಮತ್ತು ಸಂಗಡಿಗರು ಬೆಕ್ಕಿನ ಕಾಲಿನಲ್ಲಿ ವೇಗದ ಸ್ನಾಯುವಿನ ನರವನ್ನು ನಿಧಾನದ ಸ್ನಾಯುವಿಗೂ, ಅದರದನ್ನು ಇದಕ್ಕೂ ಅದಲುಬದಲು ಮಾಡಿ ಜೋಡಿಸಿದರು. ಕೆಲವು ತಿಂಗಳಲ್ಲಿ ವೇಗದ್ದು ನಿಧಾನವಾಯಿತು, ನಿಧಾನದ್ದು ವೇಗವಾಯಿತು! ನರವೇ ಇಲ್ಲವಾದರೆ ಎಷ್ಟು ತಿಕ್ಕಿದರೂ ಸ್ನಾಯು ಸೊರಗುತ್ತದೆ.

ಪೋಲಿಯೋದಲ್ಲಿ ಆಗುವುದು ಇದೇ. ವೈರಾಣು ಬೆನ್ನುಹುರಿಯ ಮೇಸ್ತ್ರಿಗಳನ್ನು ಕೊಲ್ಲುತ್ತದೆ. ಆಳುಗಳು ಅನಾಥರಾಗುತ್ತಾರೆ. ಆಗ ಉಳಿದ ಮೇಸ್ತ್ರಿಗಳು ಹೊಸ ಕವಲು ಬೆಳೆಸಿ ಆ ಅನಾಥರಲ್ಲಿ ಕೆಲವರನ್ನು ತಮ್ಮ ಗುಂಪಿಗೆ ಸೇರಿಸಿಕೊಳ್ಳುತ್ತಾರೆ. ಪೋಲಿಯೋ ಬಂದ ಮಗು ತಿಂಗಳುಗಳ ನಂತರ ಚೇತರಿಸಿಕೊಳ್ಳುವುದಕ್ಕೆ ಇದು ಒಂದು ಮುಖ್ಯ ಕಾರಣ. ಆದರೆ ನೂರು ಆಳಿನ ಮೇಸ್ತ್ರಿ ಐನೂರು ಆಳನ್ನು ಸಾಕುತ್ತಾ ನಾಲ್ಕು ದಶಕ ದುಡಿದರೆ ಸೋಲದಿರುತ್ತಾನೆಯೇ? ಆ ಕವಲುಗಳು ಒಂದೊಂದಾಗಿ ಉದುರತೊಡಗಿ, ಐವತ್ತರ ಹೊತ್ತಿಗೆ ಹಳೆಯ ದೌರ್ಬಲ್ಯ ಮತ್ತೆ ತಲೆ ಎತ್ತುವುದುಂಟು. ಭಾರತದಲ್ಲಿ ಕಾಡು ಪೋಲಿಯೋದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಕಂಡುಬಂತು, 2014ರ ಮಾರ್ಚಿನಲ್ಲಿ ದೇಶ ಪೋಲಿಯೋಮುಕ್ತವೆಂದು ಪ್ರಮಾಣಪತ್ರ ಸಿಕ್ಕಿತು. ಆದರೆ ಅದಕ್ಕೆ ಮೊದಲು ಕಾಲು ಸೋತ ನಮ್ಮ ಅಣ್ಣಂದಿರು, ಅಕ್ಕಂದಿರು ಪ್ರತಿ ಊರಿನಲ್ಲಿಯೂ ಇದ್ದಾರೆ. ವಯಸ್ಸಾದಂತೆ ಅವರು “ಮೊದಲಿನಂತೆ ಆಗುತ್ತಿಲ್ಲ” ಎಂದರೆ, “ಇನ್ನಷ್ಟು ನಡಿ” ಎಂದು ಹುರಿದುಂಬಿಸುವುದು ತಪ್ಪು. ಅವರಿಗೆ ವ್ಯಾಯಾಮ ಬೇಡವೆಂದಲ್ಲ. ಹಿತಮಿತವಾಗಿ, ನಡುನಡುವೆ ವಿಶ್ರಾಂತಿ ಕೊಟ್ಟು, ದಣಿಯುವ ಮೊದಲೇ ನಿಲ್ಲಿಸಬೇಕು.

ಬೆಂಗಳೂರಿನಲ್ಲಿ ಕಂಡ ಒಂದು ಕಾಯಿಲೆ

ಇದೇ ಜಾತಿಯ ಇನ್ನೊಂದು ಕಾಯಿಲೆಗೂ ನಮ್ಮ ಬೆಂಗಳೂರಿಗೂ ವಿಶೇಷ ನಂಟಿದೆ. ಹುಚ್ಚಾಸ್ಪತ್ರೆ ಎಂದು ಜನ ಕರೆಯುತ್ತಿದ್ದ ಹಳೆಯ ಮಾನಸಿಕ ಆಸ್ಪತ್ರೆಯೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಸೇರಿ 1974ರ ಡಿಸೆಂಬರಿನಲ್ಲಿ ನಿಮ್ಹಾನ್ಸ್ ಆಯಿತು. ಅಲ್ಲಿನ ನರರೋಗ ವಿಭಾಗದ ಡಾ. ಎಂ. ಗೌರಿದೇವಿ ಮತ್ತು ಸಂಗಡಿಗರು 1984ರಲ್ಲಿ ‘ಮೊನೊಮೆಲಿಕ್ ಅಮಯೋಟ್ರೊಫಿ’ ಎಂಬ ಹೆಸರಿನಲ್ಲಿ ಒಂದು ಕಾಯಿಲೆಯನ್ನು ವಿವರಿಸಿದರು. ಕನ್ನಡದಲ್ಲಿ ಹೇಳುವುದಾದರೆ ‘ಒಂದೇ ಅಂಗದ ಸೊರಗು’. ಹದಿನೈದರಿಂದ ಇಪ್ಪತ್ತೈದರ ಆಸುಪಾಸಿನ ಹುಡುಗರಲ್ಲಿ, ಹುಡುಗಿಯರಲ್ಲಿ ಅಪರೂಪವಾಗಿ, ಒಂದು ಕೈ ಅಥವಾ ಒಂದು ಕಾಲು ನೋವಿಲ್ಲದೆ, ಜ್ವರವಿಲ್ಲದೆ ಸಣ್ಣಗಾಗುತ್ತಾ ಹೋಗುತ್ತದೆ. ಕೆಲವು ವರ್ಷ ಮುಂದುವರಿದು ತಾನಾಗಿ ನಿಂತುಬಿಡುತ್ತದೆ.

ಜಪಾನಿನಲ್ಲಿ ಹಿರಯಾಮಾ ಎಂಬ ವೈದ್ಯರು ಕೈ ಸೊರಗುವ ಬಗೆಯನ್ನು 1959ರಲ್ಲೇ ಬರೆದಿದ್ದರು. ಅದರ ಮೂಲ ಕೈಯಲ್ಲಿಲ್ಲ, ಕುತ್ತಿಗೆಯಲ್ಲಿದೆ. ಕೆಲವು ಹುಡುಗರಲ್ಲಿ ಕುತ್ತಿಗೆ ಬಗ್ಗಿಸಿದಾಗ ಬೆನ್ನುಹುರಿಯ ಹೊದಿಕೆ ಮುಂದಕ್ಕೆ ಸರಿದು ಹುರಿಯನ್ನು ಒತ್ತುತ್ತದೆ. ಬೆರಳುಗಳನ್ನು ಆಳುವ ಮೇಸ್ತ್ರಿಗಳು ಈ ಒತ್ತಡಕ್ಕೆ ಸಾಯುತ್ತವೆ. ಆದ್ದರಿಂದ ಮೊದಲ ವರ್ಷಗಳಲ್ಲಿ ಗುರುತು ಹಿಡಿದು ಕುತ್ತಿಗೆ ಬಗ್ಗದಂತೆ ಪಟ್ಟಿ ಹಾಕಿದರೆ ಸೊರಗು ಬೇಗ ನಿಲ್ಲಬಹುದು. ಯೋಚಿಸಿ ನೋಡಿ: ಕೈ ಸಣ್ಣಗಾಗಿದೆ ಎಂದು ಆ ಹುಡುಗ ಜಿಮ್ಮಿಗೆ ಹೋಗಿ ತೋಳಿನ ವ್ಯಾಯಾಮ ಮಾಡುತ್ತಾ ಎರಡು ವರ್ಷ ಕಳೆದರೆ, ಉಳಿಸಿಕೊಳ್ಳಬಹುದಾಗಿದ್ದ ಎರಡು ವರ್ಷ ಕೈತಪ್ಪಿದಂತೆಯೇ ಅಲ್ಲವೇ?

ಸಂದಿಯಲ್ಲಿ ತೊಡಕು

ನರವೂ ಸರಿ, ಸ್ನಾಯುವೂ ಸರಿ, ನಡುವಿನ ಸಂದಿ ಕೆಟ್ಟರೂ ದೌರ್ಬಲ್ಯವೇ. ನಾಗರಹಾವಿನ ಮತ್ತು ಕಟ್ಟುಹಾವಿನ ವಿಷ ಕೊಲ್ಲುವುದು ಇಲ್ಲೇ. ಅಸಿಟೈಲ್‌ಕೋಲಿನ್ ತಾಗಬೇಕಾದ ಗ್ರಾಹಕಗಳಿಗೆ ವಿಷ ಅಂಟಿಕೊಂಡು, ಕೂಗು ಕೇಳದೆ ಉಸಿರಾಟದ ಸ್ನಾಯುಗಳು ಸ್ತಬ್ಧವಾಗುತ್ತವೆ. ವಿಚಿತ್ರವೆಂದರೆ, ಕಟ್ಟುಹಾವಿನ ಜಾತಿಯ ಒಂದು ಹಾವಿನ ವಿಷದಿಂದ ಬೇರ್ಪಡಿಸಿದ ವಸ್ತುವನ್ನೇ ಬಳಸಿ ವಿಜ್ಞಾನಿಗಳು ಆ ಗ್ರಾಹಕಗಳನ್ನು ಎಣಿಸಲು ಕಲಿತರು. 1973ರಲ್ಲಿ ಹಾಗೆ ಎಣಿಸಿದಾಗ ‘ಮಯಸ್ತೀನಿಯ ಗ್ರೇವಿಸ್’ ಎಂಬ ಕಾಯಿಲೆಯವರಲ್ಲಿ ಅವು ಬಹಳ ಕಡಿಮೆ ಇದ್ದದ್ದು ಬೆಳಕಿಗೆ ಬಂತು. ಇದರ ಲಕ್ಷಣ ನೆನಪಿಡಿ: ಬೆಳಿಗ್ಗೆ ಸರಿಯಾಗಿದ್ದವರಿಗೆ ಸಂಜೆಯ ಹೊತ್ತಿಗೆ ರೆಪ್ಪೆ ಜೋಲುತ್ತದೆ, ಒಂದು ವಸ್ತು ಎರಡಾಗಿ ಕಾಣುತ್ತದೆ, ಊಟದ ಕೊನೆಯಲ್ಲಿ ಅಗಿಯಲಾಗದು, ಮಲಗಿ ಎದ್ದರೆ ಮತ್ತೆ ಸರಿ. 1934ರಲ್ಲಿ ಲಂಡನ್ನಿನ ಮೇರಿ ವಾಕರ್ ಎಂಬ ವೈದ್ಯೆ ಇದಕ್ಕೆ ಔಷಧ ತೋರಿಸಿದಂದಿನಿಂದ ಚಿಕಿತ್ಸೆ ಬಹಳ ಮುಂದುವರಿದಿದೆ. ಇವರನ್ನು ಸೋಮಾರಿಗಳೆನ್ನುವುದು ಅನ್ಯಾಯ.

ಸ್ನಾಯುವೇ ಶಿಥಿಲವಾದಾಗ

ಇನ್ನು ಸ್ನಾಯುವಿನ ಸ್ವಂತ ಕಾಯಿಲೆಗಳು. ಇವುಗಳಲ್ಲಿ ಮಕ್ಕಳಿಗೆ ಬರುವ ಮುಖ್ಯವಾದದ್ದು ಡುಶೆನ್ ಸ್ನಾಯುಕ್ಷಯ. 3,500ರಿಂದ 5,000 ಗಂಡುಮಕ್ಕಳಲ್ಲಿ ಒಂದಕ್ಕೆ ಬರುತ್ತದೆ. ಸ್ನಾಯುತಂತು ಎಳೆಯುವಾಗ ಅದರ ಪೊರೆ ಹರಿಯದಂತೆ ಒಳಗಿನಿಂದ ಬಿಗಿದು ಹಿಡಿಯುವ ಡಿಸ್ಟ್ರೊಫಿನ್ ಎಂಬ ಪ್ರೋಟೀನ್ ಈ ಮಕ್ಕಳಲ್ಲಿ ಇರುವುದಿಲ್ಲ. ಆ ಪ್ರೋಟೀನು ಮತ್ತು ಅದರ ಜೀನ್ ಸಿಕ್ಕಿದ್ದು 1986-87ರಲ್ಲಿ. ನಮಗೆ ಹಿತವಾದ ಎಳೆತ ಈ ಮಗುವಿಗೆ ಪ್ರತಿಸಲವೂ ಸಣ್ಣ ಗಾಯ. ರಿಪೇರಿ ಕೋಶಗಳು ಕೆಲವು ವರ್ಷ ಹೆಣಗಾಡುತ್ತವೆ. ಕಡೆಗೆ ಸ್ನಾಯುವಿನ ಜಾಗದಲ್ಲಿ ಕೊಬ್ಬು ಮತ್ತು ನಾರು ತುಂಬುತ್ತದೆ. ಮೀನಖಂಡ ದಪ್ಪಗೆ ಕಾಣುವುದರಿಂದ “ಹುಡುಗ ಗಟ್ಟಿಮುಟ್ಟಾಗಿದ್ದಾನೆ” ಎಂದು ನೆಂಟರು ಮೋಸಹೋಗುತ್ತಾರೆ. ನೆಲದಿಂದ ಏಳುವಾಗ ಮಗು ತನ್ನ ಮೊಣಕಾಲು, ತೊಡೆಗಳ ಮೇಲೆ ಕೈಯೂರಿ, ತನ್ನ ಮೈಯನ್ನೇ ಹತ್ತಿಕೊಂಡು ನಿಲ್ಲುವುದು ಇದರ ಗುರುತು. ಇಂಥ ಮಗುವಿಗೆ ಬಸ್ಕಿ ಹೊಡೆಸುವುದು, ಭಾರ ಎತ್ತಿಸುವುದು, ಮೆಟ್ಟಿಲಿಳಿಯುವ ಓಟ ಕೆಟ್ಟವು. ಆದರೆ ಪೂರಾ ಕೂರಿಸುವುದೂ ಕೆಟ್ಟದ್ದೇ, ಕೀಲುಗಳು ಬಿಗಿದುಕೊಳ್ಳುತ್ತವೆ. ನೀರಿನಲ್ಲಿ ಆಟ, ನಿಧಾನವಾದ ನಡಿಗೆ, ದಿನವೂ ಮೃದುವಾಗಿ ಕೀಲು ನೀವಿ ಚಾಚಿಸುವುದು, ಜೊತೆಗೆ ವೈದ್ಯರ ಔಷಧ: ಇದು ನಡುದಾರಿ.

ಇಲ್ಲಿ ಪ್ರಯೋಗಶಾಲೆಯವನಾಗಿ ಒಂದು ಮಾತು. ಎಸ್.ಜಿ.ಓ.ಟಿ., ಎಸ್.ಜಿ.ಪಿ.ಟಿ. ಎಂಬ ರಕ್ತಪರೀಕ್ಷೆಗಳನ್ನು ನಾವೆಲ್ಲ ‘ಲಿವರ್ ಟೆಸ್ಟ್’ ಎನ್ನುತ್ತೇವೆ. ಆ ಕಿಣ್ವಗಳು ಸ್ನಾಯುವಿನಲ್ಲೂ ಇವೆ. ಸ್ನಾಯು ಒಡೆಯುತ್ತಿದ್ದರೂ ಅವು ಏರುತ್ತವೆ. ಆಗ ಮಗುವಿಗೆ ಲಿವರ್ ಕಾಯಿಲೆಯೆಂದು ತಿಳಿದು ತಿಂಗಳುಗಟ್ಟಲೆ ತಪಾಸಣೆ ನಡೆಯುವುದುಂಟು. ಕ್ರಿಯಾಟಿನ್ ಕೈನೇಸ್ ಎಂಬ ಕಿಣ್ವವನ್ನೂ ಅಳೆಸಿದರೆ ಗುಟ್ಟು ರಟ್ಟಾಗುತ್ತದೆ. ಅದು ಮುಖ್ಯವಾಗಿ ಸ್ನಾಯುವಿನದು. ಹಾಗೆಂದು ಹಿಂದಿನ ದಿನ ಜಿಮ್ಮಿನಲ್ಲಿ ಭಾರ ಎತ್ತಿ ಬಂದವರ ಕ್ರಿಯಾಟಿನ್ ಕೈನೇಸ್ ಏರಿದ್ದರೆ ಗಾಬರಿಯಾಗಬೇಕಿಲ್ಲ. ಕೆಲವು ದಿನ ಬಿಟ್ಟು ಮತ್ತೆ ಪರೀಕ್ಷಿಸಬೇಕು.

ನಮ್ಮಲ್ಲೂ ಇಲ್ಲೂ ಇರುವ ಒಂದು ಪದ್ಧತಿ

ಡುಶೆನ್ ಕಾಯಿಲೆಗೂ ಸಂಬಂಧದೊಳಗಿನ ಮದುವೆಗೂ ನಂಟಿಲ್ಲ. ಆದರೆ ಸ್ಪೈನಲ್ ಮಸ್ಕ್ಯುಲರ್ ಆಟ್ರೊಫಿಯಂಥ ಹಲವು ನರಸ್ನಾಯು ಕಾಯಿಲೆಗಳು, ತಂದೆ ತಾಯಿ ಇಬ್ಬರಲ್ಲೂ ಅದೇ ದೋಷದ ಜೀನ್ ಒಂದೊಂದಿದ್ದರೆ, ನಾಲ್ಕರಲ್ಲಿ ಒಂದರ ಸಂಭವದಂತೆ ಮಗುವಿಗೆ ಬರುತ್ತವೆ. ಒಂದೇ ಅಜ್ಜ ಅಜ್ಜಿಯ ಸಂತಾನದಲ್ಲಿ ಮದುವೆಯಾದರೆ ಆ ಸಂಭವ ಹೆಚ್ಚು. 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಶಿಶುಗಳ ರಕ್ತಪರೀಕ್ಷೆ ನಡೆಸಿದ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎನ್. ಅಪ್ಪಾಜಿರಾವ್, ಎ. ಎಚ್. ಬಿಟ್ಲ್ಸ್ ಮತ್ತು ಸಂಗಡಿಗರು ಆ ಶಿಶುಗಳ ತಂದೆತಾಯಿಯರಲ್ಲಿ ಹತ್ತಿರ ಹತ್ತಿರ ಮೂರರಲ್ಲಿ ಒಂದು ಜೋಡಿ ರಕ್ತಸಂಬಂಧಿಗಳೆಂದು ಕಂಡರು. ಅವರಲ್ಲಿ ಸೋದರಮಾವನನ್ನು ಮದುವೆಯಾದವರೇ ಹೆಚ್ಚು. ಸೌದಿ ಅರೇಬಿಯದಲ್ಲಿ 1990ರ ದಶಕದ ಒಂದು ಸಮೀಕ್ಷೆಯಂತೆ ಅರ್ಧಕ್ಕಿಂತ ಹೆಚ್ಚು ಮದುವೆಗಳು ನೆಂಟರೊಳಗೇ. ಈ ವಿಷಯದಲ್ಲಿ ಅತಿಥಿಗಳಾದ ನಾವೂ ಆತಿಥೇಯರೂ ಒಂದೇ ದೋಣಿಯವರು.

ಇಂಥ ಮದುವೆಗಳಲ್ಲಿ ಹುಟ್ಟಿದ ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಇರುತ್ತಾರೆ. ಯಾರನ್ನೂ ಹಳಿಯಲು ಈ ಮಾತು ಹೇಳಿದ್ದಲ್ಲ. ಆದರೆ ಮನೆತನದಲ್ಲಿ ಸ್ನಾಯು ಸೊರಗಿದ ಮಗು ಒಂದಿದ್ದರೆ ಮುಂದಿನ ಮದುವೆಗೆ ಮೊದಲು, ಮುಂದಿನ ಬಸಿರಿಗೆ ಮೊದಲು ಜೀನ್ ಪರೀಕ್ಷೆಯ ಸಲಹೆ ಪಡೆಯುವುದು ವಿವೇಕ. ಸೌದಿಯಲ್ಲಿ ಕುಡಗೋಲು ಕಣ ರಕ್ತಹೀನತೆ ಮತ್ತು ಥಲಸೀಮಿಯಗಳಿಗೆ ಮದುವೆಗೆ ಮುಂಚಿನ ಪರೀಕ್ಷೆಯನ್ನು 2004ರಿಂದ ಕಡ್ಡಾಯ ಮಾಡಿದ್ದಾರೆ. ಸ್ನಾಯುರೋಗಗಳ ಅಧ್ಯಯನದಲ್ಲೂ ಈ ದೇಶ ಹಿಂದಿಲ್ಲ. ರಿಯಾದ್‌ನ ಕಿಂಗ್ ಸೌದ್ ವಿಶ್ವವಿದ್ಯಾಲಯದ ಮಕ್ಕಳ ನರವೈದ್ಯ ಮುಸ್ತಫಾ ಸಾಲಿಹ್ ಅವರ ಹೆಸರನ್ನೇ ಇಂಥ ಒಂದು ಕಾಯಿಲೆಗೆ ಇಡಲಾಗಿದೆ. ಟೈಟಿನ್ ಎಂಬ ದೈತ್ಯ ಪ್ರೋಟೀನಿನ ದೋಷವೇ ಅದಕ್ಕೆ ಕಾರಣವೆಂದು 2007ರಲ್ಲಿ ತಿಳಿಯಿತು.

ಬೇಗ ಗುರುತು ಹಿಡಿಯಬೇಕೆಂದು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಸ್ಪೈನಲ್ ಮಸ್ಕ್ಯುಲರ್ ಆಟ್ರೊಫಿಗೆ ಬಹುಕಾಲ ಔಷಧವೇ ಇರಲಿಲ್ಲ. ಅಮೆರಿಕದಲ್ಲಿ 2016ರಲ್ಲಿ ಬೆನ್ನುಹುರಿಯ ದ್ರವಕ್ಕೆ ಕೊಡುವ ಒಂದು ಔಷಧಕ್ಕೆ, 2019ರಲ್ಲಿ ಒಂದೇ ಬಾರಿ ಕೊಡುವ ಜೀನ್ ಚಿಕಿತ್ಸೆಗೆ, 2020ರಲ್ಲಿ ಬಾಯಿಂದ ಕುಡಿಯುವ ರಿಸ್ಡಿಪ್ಲಾಂ ಎಂಬ ಔಷಧಕ್ಕೆ ಅನುಮತಿ ಸಿಕ್ಕಿತು. ಬೆಲೆ ವಿಪರೀತ. ಆದರೆ ಯಾವುದೇ ಆಗಲಿ, ಮೇಸ್ತ್ರಿಗಳು ಸಾಯುವ ಮೊದಲು ಕೊಟ್ಟರೆ ಫಲ ಹೆಚ್ಚು. ಸತ್ತವರನ್ನು ಯಾವ ಔಷಧವೂ ಎಬ್ಬಿಸುವುದಿಲ್ಲ.

ಈ ನಾಡಿನಲ್ಲಿ ನಮ್ಮ ಪಾಡು

ಅಪರೂಪದ ಕಾಯಿಲೆಗಳನ್ನು ಬಿಟ್ಟು ನಮ್ಮ ದಿನದ ಬದುಕಿಗೆ ಬರೋಣ. ಇಲ್ಲಿ ವರ್ಷದಲ್ಲಿ ಐದಾರು ತಿಂಗಳು ನಾವು ಎ.ಸಿ. ಮನೆಯಿಂದ ಎ.ಸಿ. ಕಾರಿಗೆ, ಕಾರಿನಿಂದ ಎ.ಸಿ. ಆಫೀಸಿಗೆ ಹೋಗುವವರು. ಅಂಗಡಿಯ ಬಾಗಿಲಿಗೇ ಕಾರು. ಗೃಹಿಣಿಯರ ಪಾಡು ಇನ್ನೂ ಕಷ್ಟ. ಇಷ್ಟು ಬಿಸಿಲಿನ ದೇಶದಲ್ಲಿ ವಿಟಮಿನ್ ಡಿ ಕೊರತೆ ವ್ಯಾಪಕವೆಂದರೆ ನಂಬುವುದು ಕಷ್ಟ. ಆದರೆ 1980ರ ದಶಕದ ಆರಂಭದಲ್ಲೇ ರಿಯಾದ್‌ನಲ್ಲಿ ನಡೆದ ಅಧ್ಯಯನಗಳು ಇದನ್ನು ತೋರಿಸಿದವು. ಚರ್ಮಕ್ಕೆ ಬಿಸಿಲು ಬೀಳದಿದ್ದರೆ ಆಕಾಶದ ಸೂರ್ಯನಿಂದೇನು ಫಲ? ಈ ಕೊರತೆ ಎಲುಬನ್ನಷ್ಟೇ ಅಲ್ಲ, ಸೊಂಟ ಮತ್ತು ತೊಡೆಯ ಸ್ನಾಯುಗಳನ್ನೂ ಬಾಧಿಸುತ್ತದೆ. ಮೆಟ್ಟಿಲು ಹತ್ತಲು, ಚಾಪೆಯಿಂದ ಏಳಲು ಕಷ್ಟವಾಗುತ್ತದೆ. ಒಂದು ರಕ್ತಪರೀಕ್ಷೆಯಿಂದ ತಿಳಿಯುತ್ತದೆ, ಔಷಧದಿಂದ ಬಹುಮಟ್ಟಿಗೆ ಗುಣವಾಗುತ್ತದೆ. ಆದರೆ ಪಕ್ಕದ ಮನೆಯವರ ಮಾತ್ರೆ ನುಂಗಬೇಡಿ. ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಅಪಾಯ. ಥೈರಾಯ್ಡ್ ದೋಷ, ಪೊಟ್ಯಾಸಿಯಂ ಕೊರತೆ, ಕೆಲವರಿಗೆ ಕೊಲೆಸ್ಟರಾಲಿನ ಮಾತ್ರೆ, ಇವೂ ಸ್ನಾಯುವನ್ನು ಸೋಲಿಸುತ್ತವೆ, ಇವೂ ಸರಿಪಡಿಸಬಹುದಾದವು.

ಇದಕ್ಕೆ ವಿರುದ್ಧದ ಅಪಾಯವೂ ಇದೆ. ವರ್ಷವಿಡೀ ಕೂತಿದ್ದು ಒಂದು ದಿನ ಉತ್ಸಾಹ ಬಂದು ಬೇಸಿಗೆಯ ಸೆಕೆಯಲ್ಲಿ ಮಿತಿಮೀರಿ ಓಡಿದರೆ ಸ್ನಾಯುತಂತುಗಳು ಒಡೆದು, ಅವುಗಳಲ್ಲಿರುವ ಮಯೋಗ್ಲೋಬಿನ್ ಎಂಬ ಕೆಂಪು ಪ್ರೋಟೀನ್ ರಕ್ತಕ್ಕೆ ಇಳಿದು ಮೂತ್ರಪಿಂಡವನ್ನು ಕೆಡಿಸುತ್ತದೆ. 1941ರಲ್ಲಿ ಲಂಡನ್ನಿನ ಬಾಂಬ್ ದಾಳಿಯಲ್ಲಿ ಕಟ್ಟಡದಡಿ ಸಿಕ್ಕಿಕೊಂಡವರಲ್ಲಿ ವೈದ್ಯರು ಇಂಥದೇ ಸಂಗತಿಯನ್ನು ವಿವರಿಸಿದ್ದರು. ಇಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12ರಿಂದ 3ರ ತನಕ ನೇರ ಬಿಸಿಲಿನ ಕೆಲಸಕ್ಕೆ ನಿಷೇಧವಿರುವುದು ಸುಮ್ಮನೆ ಅಲ್ಲ. ದೇಹ ಸೆಕೆಗೆ ಹೊಂದಿಕೊಳ್ಳಲು ಒಂದೆರಡು ವಾರ ಬೇಕು.

ನೆನಪಿಡಬೇಕಾದದ್ದು ಇಷ್ಟು:

1. ಕಾಯಿಲೆಯಿಲ್ಲದ ದೊಡ್ಡವರಿಗೆ ವಾರಕ್ಕೆ 150 ನಿಮಿಷ ಬಿರುಸಾದ ನಡಿಗೆ, ಎರಡು ದಿನ ಭಾರದ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಅರವತ್ತು ದಾಟಿದ ಅಪ್ಪ ಅಮ್ಮ ವೀಸಾದ ಮೇಲೆ ಬಂದಾಗ ಅವರನ್ನು ಸೋಫಾದಲ್ಲಿ ಕೂರಿಸಿಡಬೇಡಿ; ಸಂಜೆ ಕಾರ್ನಿಶ್‌ಗೆ ನಡೆಸಿ.

2. ಕೂತು ಕೂತು ಬಂದ ದೌರ್ಬಲ್ಯ ಸಾಮಾನ್ಯವಾಗಿ ಎರಡೂ ಕಡೆ ಸಮನಾಗಿರುತ್ತದೆ, ಕ್ರಮವಾದ ವ್ಯಾಯಾಮದಿಂದ ವಾರ ವಾರಕ್ಕೆ ಸುಧಾರಿಸುತ್ತದೆ. ಒಂದೇ ಕೈ ಅಥವಾ ಕಾಲು ಸಣ್ಣಗಾದರೆ, ವ್ಯಾಯಾಮ ಮಾಡಿದಷ್ಟೂ ಶಕ್ತಿ ಇಳಿದರೆ, ಸಂಜೆಗೆ ರೆಪ್ಪೆ ಜೋತರೆ ವೈದ್ಯರಲ್ಲಿಗೆ ಹೋಗಿ.

3. ಹದಿನೆಂಟು ತಿಂಗಳಾದರೂ ನಡೆಯದ, ಪದೇಪದೇ ಬೀಳುವ, ತೊಡೆ ಹಿಡಿದು ಏಳುವ ಮಗುವನ್ನು “ನಿಧಾನಕ್ಕೆ ಸರಿಹೋಗುತ್ತೆ” ಎಂದು ಬಿಡಬೇಡಿ, ಗದರಿಸಲೂ ಬೇಡಿ.

4. ನರಸ್ನಾಯು ಕಾಯಿಲೆ ಇದೆಯೆಂದು ಗೊತ್ತಾದವರಿಗೆ ಅಳತೆಗೋಲು ಮರುದಿನ ಬೆಳಿಗ್ಗೆ. ನಿನ್ನೆಯ ವ್ಯಾಯಾಮದ ಸುಸ್ತು, ನೋವು ಆಗಲೂ ಉಳಿದಿದ್ದರೆ ಅದು ಹೆಚ್ಚಾಯಿತು, ಕಡಿಮೆ ಮಾಡಬೇಕು.

5. ಮೈನೋವಿನ ಜೊತೆ ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ಅದೇ ಗಳಿಗೆ ಆಸ್ಪತ್ರೆಗೆ.

ಬೇಸಿಗೆ ರಜೆಯಲ್ಲಿ ಊರಿಗೆ ಹೋಗುವ ಕುಟುಂಬಗಳಲ್ಲಿ ಯಾರಿಗಾದರೂ ಇಂಥ ಲಕ್ಷಣವಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತೋರಿಸಬಹುದು. ಇಲ್ಲಿಯ ಪರೀಕ್ಷೆಯ ಕಾಗದಗಳನ್ನೆಲ್ಲ ಇಂಗ್ಲಿಷಿನಲ್ಲಿ ಬರೆಸಿ ಒಯ್ಯಿರಿ. ಮಗು ನೆಲದಿಂದ ಏಳುವ ಬಗೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡು ಹೋದರೆ ವೈದ್ಯರಿಗೆ ಬಹಳ ಅನುಕೂಲ. ಸಂಘದಲ್ಲಿ ವೈದ್ಯ ಬಂಧುಗಳೂ ಇದ್ದಾರೆ. ಈ ಲೇಖನ ಓದಿ ಅನುಮಾನ ಬಂದವರು ಸಂಕೋಚವಿಲ್ಲದೆ ಅವರನ್ನು ಕೇಳಬೇಕೆಂದು ನನ್ನ ಬಿನ್ನಹ. ಕೇಳುವಾಗ ‘ನರ ದೌರ್ಬಲ್ಯ’ ಎಂದು ಒಂದೇ ಮಾತಿನಲ್ಲಿ ಮುಗಿಸದೆ, ಎಲ್ಲಿ, ಎಂದಿನಿಂದ, ಯಾವ ಹೊತ್ತಿನಲ್ಲಿ, ಏನು ಮಾಡಿದರೆ ಹೆಚ್ಚು, ಏನು ಮಾಡಿದರೆ ಕಡಿಮೆ ಎಂದು ಬಿಡಿಸಿ ಹೇಳಿ. ಅರ್ಧ ರೋಗನಿರ್ಣಯ ಅಲ್ಲಿಯೇ ಆಗಿಹೋಗುತ್ತದೆ.